ಗೂಟಗಳು

ಎಲೆಗಿಂತ ಮೊದಲು ಹೂ ಬಂದುಬಿಟ್ಟಿದೆ.
ಆಗಸ್ಟಿನ ಒಣಗಾಳಿ, ಹುಲ್ಲು ಸುಟ್ಟ ಕರಿನೆಲ,
ನಡುವೆ ಹತ್ತೊಂಬತ್ತು ಉಮ್ಸಿನ್ಸಿ ಮರ.
ಬೋಳು ಕೊಂಬೆಗಳ ತುದಿಗಷ್ಟೇ ಕೆಂಪು,
ಜಗಳಕ್ಕೆ ನಿಂತ ಹುಂಜದ ಜುಟ್ಟಿನ ಹಾಗೆ.

ಭೂ ಕಮಿಷನ್ನಿನ ಹುಡುಗ ಥೊಬಾನಿ
ಜೀಪಿನಿಂದಿಳಿದ. ಕೈಯಲ್ಲಿ ಫಾರಮ್ಮು, ಬೂಟಿಗೆ ಹೊಸ ಲೇಸು.
"ಅಜ್ಜಿ, ಇಲ್ಲಿದ್ದಿರಿ ಅನ್ನೋದಕ್ಕೆ ಗುರುತೇನು?
ಅಡಿಪಾಯ? ಗೋರಿ? ಒಲೆಗಲ್ಲು?"

ಅಡಿಪಾಯ ಬುಲ್ಡೋಜರಿನ ಪಾಲಾಗಿತ್ತು.
ಗೋರಿಗಳ ಮೇಲೆ ನಲವತ್ತು ಸಲ ಮೆಕ್ಕೆಜೋಳ ತೆನೆಗಟ್ಟಿತ್ತು.
ಒಲೆಗಲ್ಲು ಮೂರನ್ನೂ ನಮ್ಮಜ್ಜಿ ಹ್ಲೆಝಿಫಿ
ಅರವತ್ತೊಂಬತ್ತರಲ್ಲಿ ಎಬ್ಬಿಸಿದ ದಿನವೇ
ಲಾರಿಗೆ ಹೇರಿಕೊಂಡು ಹೋಗಿದ್ದಳು,
ಕೋಳಿ ಬಿಟ್ಟು ಕಲ್ಲು ಹೊತ್ತು.
ಅದನ್ನು ನೆನೆದು ಜನ ಇನ್ನೂ ನಗುತ್ತಾರೆ.

ಗಂಡನ ಹೆಸರು? ಅಜ್ಜಿ ನನ್ನ ಮುಖ ನೋಡಿದಳು.
ನಾನು ಹೇಳಿದೆ: ಮ್ಫೆಕೆತೊ.
ಅವನು ಬರೆದ. ಆಮೇಲೆ ಸುತ್ತ ನೋಡಿ
ಇನ್ನೊಂದು ಸಾಲು ಬರೆದ: ಮರಗಳು, ತಾನಾಗಿ ಬೆಳೆದವು.

"ತಾನಾಗಿಯಾ?"

ನಮ್ಮ ಮಾತಿನಲ್ಲಿ ತಾನೇ ಎದ್ದ ಉಮ್ಸಿನ್ಸಿ ಅಂದರೆ
ಈ ಮಣ್ಣಿನವನೇ, ಎಲ್ಲಿಂದಲೂ ಬಂದವನಲ್ಲ ಅಂತ.
ಸಭೆಯಲ್ಲಿ ಎದೆ ತಟ್ಟಿಕೊಂಡು ಆಡುವ ಮಾತು.
ಅವಳಿಗೆ ಅದು ಬೇಕಿರಲಿಲ್ಲ.

"ಕಡಿದದ್ದು ಇವಳಜ್ಜ. ಹೊಳೆದಂಡೆಯಿಂದ
ಹೊತ್ತದ್ದು ನಾನು, ಆಗ ಹೊಟ್ಟೆಯಲ್ಲಿ ಇವಳಪ್ಪ.
ದನದ ದೊಡ್ಡಿಗೆ ಗೂಟ, ಮತ್ತೇನಲ್ಲ.
ಸತ್ತ ಕೊರಡು ಅಂದುಕೊಂಡೇ ಹುಗಿದೆವು.
ಎರಡನೇ ಮಳೆಗೆ ಗೂಟಕ್ಕೆ ಗೂಟವೇ ಚಿಗುರಿ
ಅವರಿಗೋ ಸಿಟ್ಟು, ಬೇಲಿ ಹಾಕಿದೆನೋ ತೋಪು ಹಾಕಿದೆನೋ ಅಂತ."

ಟೇಪು ಹಿಡಿದು ಥೊಬಾನಿ
ಎರಡು ಮರಗಳ ನಡುವೆ ನುಗ್ಗಹೊರಟ.
"ಅಲ್ಲಲ್ಲ, ಅಲ್ಲಿ ಬೇಲಿ!"
ಎತ್ತಿದ ಕಾಲು ಹಾಗೇ ನಿಂತಿತು.

ಸುತ್ತು ಬಳಸಿ ಕರೆದೊಯ್ದಳು.
ಮೂಡಣಕ್ಕೆ ಒಂದು ತೆರಪು, ಎರಡು ಹಸುವಿನಗಲ.
ಅಲ್ಲಿ ಶಾಲೆಳೆದು ಹೆಗಲು ಮುಚ್ಚಿಕೊಂಡು
ನಿಂತೇಬಿಟ್ಟಳು.
"ನೀವು ಹೋಗಿ. ಸೊಸೆಯಾದವಳು
ಗಂಡನ ಮನೆಯ ದೊಡ್ಡಿ ತುಳಿಯುವಂತಿಲ್ಲ.
ನೀನು ಹೋಗೇ, ನೀನು ಮನೆಮಗಳು."

ದನ ನಿಂತು ಐವತ್ತು ವರ್ಷ.
ಒಳಗೆ ಮುಳ್ಳು, ಒಂದು ತುಕ್ಕು ಡಬ್ಬಿ,
ಹೋದ ವರ್ಷದ ಕೆಂಪು ಬೀಜ,
ಒಂದೊಂದರ ಮೈಗೂ ಒಂದು ಕರಿಬೊಟ್ಟು.
ಸೂರಕ್ಕಿಯೊಂದು ತಲೆಕೆಳಗಾಗಿ ಹೂವಿಗೆ ಕೊಕ್ಕಿಟ್ಟು
ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಥೊಬಾನಿ ಹೊರಗೆ ನಿಂತವಳನ್ನು ನೋಡಿದ,
ಬಹಳ ಹೊತ್ತು ನೋಡಿದ.
ಫಾರಮ್ಮಿನಲ್ಲಿ ಏನನ್ನೋ ಹೊಡೆದುಹಾಕಿದ.
ಮೇಲೆ ಏನು ಬರೆದನೋ, ತೋರಿಸಲಿಲ್ಲ.

ಅಜ್ಜಿ ಆಚೆಯಿಂದ ಕೂಗಿದಳು:
"ನೆಲ ಇನ್ನೂ ಮೆತ್ತಗಿದೆಯೇನೇ?
ಮೊಣಕಾಲುದ್ದ ಸಗಣಿ ಇತ್ತಂತೆ, ಅವರು ಹೇಳುತ್ತಿದ್ದರು."

ಕಾಲೂರಿ ನೋಡಿದೆ. ಬಂಡೆ.

ಹೂಂ ಅಜ್ಜಿ, ಅಂದೆ.