ಬೆಳಗಿನ ಜಾವ ಮೂರರ ಚಳಿ

ಸಿದ್ಧವಾಗಿ ಸಿಕ್ಕಿದ್ದು ಅಲ್ಮಾಟಿಯ ಕಡತ ಒಂದೇ.
ಬೆಟ್ಟಸಾಲುಗಳ ಆಚೆಯದು, ಸಾವಿರ ಮೀಟರು ಕೆಳಗಿನದು.
ಆ ಹವೆಯಲ್ಲಿ ನಮ್ಮ ಶಿಶುವಿಹಾರವನ್ನು ಓಡಿಸಿ ನೋಡಿದೆ:
ಮಾರ್ಚಿನಲ್ಲೇ ಮಕ್ಕಳು ಸ್ವೆಟರು ಬಿಚ್ಚಿ ಕೂತವು
ಪರದೆಯ ಮೇಲೆ.
ಇಲ್ಲಿ, ನರಿನ್ ನದಿಯ ದಂಡೆಯಲ್ಲಿ,
ಮಾರ್ಚಿಗೂ ಲಾರಿಯವರು ಇಂಜಿನ್ನಿನಡಿ ಬೆಂಕಿ ಹಿಡಿಯುತ್ತಾರೆ.
ಪರಊರಿನ ಚಳಿ ಎರವಲು ತಂದು
ಗೋಡೆ ಎಷ್ಟು ದಪ್ಪ ಎಂದು ಹೇಳುವುದು ಹೇಗೆ?

ಹವಾಮಾನ ಕಚೇರಿಯ ನೆಲಮಾಳಿಗೆ. ಆಲೂಗಡ್ಡೆ ಮೂಟೆಗಳ ಹಿಂದೆ
ಇಪ್ಪತ್ತಾರು ದಪ್ಪ ಪುಸ್ತಕ, ನೇರಳೆ ಶಾಯಿ,
ಒಂದೇ ಕೈಬರಹ: ವೀಕ್ಷಕ ತೊಕ್ತೋಸುನ್.
ದಿನಕ್ಕೆ ಎಂಟು ಸಲ, ಮೂರು ಮೂರು ಗಂಟೆಗೊಮ್ಮೆ.
ಬಿಸಿಲಿಗೆ ಬೇರೆ ಕಟ್ಟು: ಗಾಜಿನ ಗುಂಡು ಕಾಗದ ಸುಟ್ಟ
ಕಂದು ಗೆರೆಗಳು. ಮೋಡ ಬಂದಲ್ಲಿ ಗೆರೆ ತುಂಡು.

ನನಗೆ ಬೇಕಾದದ್ದು ವರ್ಷದ
ಎಂಟು ಸಾವಿರದ ಏಳುನೂರ ಅರವತ್ತು ಗಂಟೆ,
ಒಂದನ್ನೂ ಬಿಡದೆ.
ಟೈಪು ಮಾಡುತ್ತ ಕೂತೆ, ಎರಡು ತಿಂಗಳು.
ಇಲ್ಲಿ ದಶಮಾಂಶಕ್ಕೆ ಬರೆಯುವುದು ಅಲ್ಪವಿರಾಮ,
ಪ್ರೋಗ್ರಾಮಿಗೆ ಅಲ್ಪವಿರಾಮವೆಂದರೆ ಬೇಲಿ.
ಮೈನಸ್ ಇಪ್ಪತ್ತನಾಲ್ಕೂವರೆ ಅಲ್ಲೇ ಒಡೆದು
ಇಪ್ಪತ್ತನಾಲ್ಕು ಒಂದು ಕಾಲಮ್ಮಿಗೆ, ಐದು ಪಕ್ಕದ್ದಕ್ಕೆ,
ಗಾಳಿ ಹೋಗಿ ತೇವದ ಜಾಗದಲ್ಲಿ ಕೂತಿತು.
ಅದನ್ನು ಹೊಲಿದೆ. ಪಾದರಸದ ಮಿಲಿಮೀಟರು ಪಾಸ್ಕಲ್ ಆಯಿತು,
ಮೋಡದ ಎಂಟು ಪಾಲು ಹತ್ತು ಪಾಲಾಯಿತು.
ಗಡಿಯಾರ ಮಾತ್ರ ಮಾಸ್ಕೋದ್ದು ಎಂಬುದು ಮರೆತಿತ್ತು:
ಜನವರಿಯಲ್ಲಿ ಐದಕ್ಕೇ ಸೂರ್ಯ ಹುಟ್ಟಿ
ಖಾಲಿ ತರಗತಿಗಳನ್ನು ಕಾಯಿಸಿದ.
ಇಡೀ ವರ್ಷವನ್ನು ಮೂರು ಗಂಟೆ ತಳ್ಳಿದೆ.

ಆಗ ಕಣ್ಣಿಗೆ ಬಿದ್ದದ್ದು.
ಉಳಿದೆಲ್ಲ ಹೊತ್ತಿನ ಚಳಿಗೂ ದಶಮಾಂಶವಿದೆ,
ಬೆಳಗಿನ ಜಾವ ಮೂರರದ್ದಕ್ಕೆ ಮಾತ್ರ ಇಲ್ಲ.
ಇಪ್ಪತ್ತೆರಡು. ಮೂವತ್ತು. ಇಪ್ಪತ್ತೇಳು.
ಹನ್ನೊಂದು ಚಳಿಗಾಲ ಹೀಗೆ,
ಆಮೇಲೆ ಆ ಸಾಲೇ ಖಾಲಿ.

ಕಳ್ಳನನ್ನು ಹಿಡಿದ ಗತ್ತಿನಲ್ಲೇ ಹೋದೆ ನಾನು.
ತೊಕ್ತೋಸುನ್ ಅಬಾಗೆ ಎಂಬತ್ತಮೂರು.
ಚಹಾಕ್ಕೆ ಉಪ್ಪು ಹಾಕಿ, ಪುಸ್ತಕವನ್ನು ದೂರ ಹಿಡಿದು ನೋಡಿ ನಕ್ಕರು.
"ಹೌದಮ್ಮ, ಏಳುತ್ತಿರಲಿಲ್ಲ. ಆ ಹೊತ್ತಿಗೆ ನಾಕೆನ್ ಏಳುತ್ತಿದ್ದ,
ಶಿಶುವಿಹಾರದ ಬಾಯ್ಲರಿಗೆ ಕಲ್ಲಿದ್ದಲು ಹಾಕಲು.
ನನ್ನ ಕಿಟಕಿ ಕೆಳಗೇ ದಾರಿ. ಅವನ ಬೂಟಿನಡಿ ಹಿಮ
ಹದಿನೈದಕ್ಕೆ ಗೊಣಗುತ್ತದೆ, ಇಪ್ಪತ್ತೈದಕ್ಕೆ ಕಿರುಗುಟ್ಟುತ್ತದೆ,
ಮೂವತ್ತು ದಾಟಿದರೆ ಗಾಜು ತುಳಿದ ಹಾಗೆ.
ಕೇಳಿ, ಗೋಡೆ ಕಡೆ ಹೊರಳಿ, ಬೆಳಿಗ್ಗೆ ಬರೆಯುತ್ತಿದ್ದೆ.
ಹೊಸತರಲ್ಲಿ ಎದ್ದು ಹೋಗಿ ತಾಳೆ ನೋಡಿದ್ದೆ,
ಒಂದು ಡಿಗ್ರಿ ಆಚೆ ಈಚೆ, ಅಷ್ಟೆ."

ಆಮೇಲೆ?
"ಶಿಶುವಿಹಾರ ಮುಚ್ಚಿದರು. ಆ ವಸಂತಕ್ಕೇ ನಾಕೆನ್ ಹೋದ.
ಕೇಳಿಸದ್ದನ್ನು ಬರೆಯುವುದು ಹೇಗೆ? ಸುಳ್ಳಾಗುತ್ತದೆ."

ದಾರಿಯುದ್ದಕ್ಕೂ ಬಾಯಿ ಬರಲಿಲ್ಲ ನನಗೆ.
ಮೂರು ಗಂಟೆಗೊಂದರಂತೆ ಇರುವ ಚುಕ್ಕಿಗಳ ನಡುವೆ
ಸ್ಕೇಲು ಇಟ್ಟು ಗೆರೆ ಎಳೆದು ಗಂಟೆಗಳನ್ನು ಹೆತ್ತವಳು ನಾನು.
ಒಂದಕ್ಕೂ ನಾಲ್ಕಕ್ಕೂ ಹೆಜ್ಜೆಯ ಸದ್ದಿಲ್ಲ,
ಮೂರರಲ್ಲಿ ಎರಡು ಪಾಲು ನನ್ನದೇ ಊಹೆ,
ಅದೂ ಕಿವಿಯಿಲ್ಲದ ಊಹೆ.

ಎರಡು ಸಲ ಓಡಿಸಿದೆ. ಮೂರರ ಸಾಲು ಬಿಟ್ಟು,
ಗೆರೆ ಎಳೆದರೆ ಹನ್ನೆರಡು ಸೆಂಟಿಮೀಟರು ಉಣ್ಣೆಹಾಸು ಸಾಕು.
ನಾಕೆನ್ನನ ಬೂಟು ಸೇರಿಸಿದರೆ ಹದಿನೈದು.
ಗುತ್ತಿಗೆದಾರ ಮುಖ ಕಿವುಚಿದ. ಹದಿನೈದು ಎಂದೆ,
ಸುಣ್ಣ ಬಳಿಯುವ ದುಡ್ಡು ಅದಕ್ಕೇ ಹೋಯಿತು,
ಗೋಡೆ ಹೊರಗಿನಿಂದ ಇನ್ನೂ ಬೂದಿ ಬಣ್ಣ.

ಕಡತದ ನೆತ್ತಿಯಲ್ಲಿ ಟಿಪ್ಪಣಿಗೆಂದು ಒಂದು ಸಾಲು ಬಿಟ್ಟಿರುತ್ತಾರೆ,
ಪ್ರೋಗ್ರಾಮು ಅದನ್ನು ಓದುವುದಿಲ್ಲ, ಹಾರಿ ಹೋಗುತ್ತದೆ.
ಅಲ್ಲಿ ಬರೆದಿದ್ದೇನೆ:
ಮೂರು ಗಂಟೆಯ ಉಷ್ಣತೆ, ಹನ್ನೊಂದು ಚಳಿಗಾಲ,
ಹಾಸಿಗೆಯಿಂದ ಕೇಳಿಸಿಕೊಂಡದ್ದು.