ನೀರು ಹಾಕಿ ನೋಡೋದು

ಪರ್ಸಿ ಬಿದ್ದು ಎಡಗಾಲು ಮುರೀತು.
ನಲವತ್ತು ದಿನ ಹೊರಗ ಹೋಗಬ್ಯಾಡ ಅಂದ್ರು ಡಾಕ್ಟರು.
ಮುಂಜಾನಿ ಪ್ಯಾಸೆಂಜರಿಗೆ ಕಲಬುರಗಿ ದವಾಖಾನಿಗಿ ಡ್ಯೂಟಿಗಿ ಹೋಗೋ ಗುರುಬಾಯಿ
ಬಾಗಲದಾಗ ಚಪ್ಪಲಿ ಮೆಟ್ಟಿಕೋತ ಹೇಳಿದ್ಲು:
"ಹ್ಯಾಂಗೂ ಕುಂತೀರಿ. ಕೂಸಿಗಿ ಕುಂದ್ರೋದು ಕಲಸ್ರಿ."

ಹಿಂಗಾಗಿ ನಾನು,
ಶಹಾಬಾದಿನಾಗ ಮಷೀನಿನ ಗದ್ದಲದಾಗ ನಿಂತು
ಕಲ್ಲಿಗಿ ಹೊಳಪು ಕೊಡೋ ಮನಷ್ಯಾ,
ಎರಡು ವರ್ಷ ನಾಕು ತಿಂಗಳ ಚಂದ್ರಲಾಗ
ಉಚ್ಚಿ ಕಲಿಸೋ ಮಾಸ್ತರ ಆದೆ.

ಸೂಪರ್ ಮಾರ್ಕೆಟಿನಿಂದ ತಂದ ಕೆಂಪು ಡಬ್ಬಿ,
ಬಾತುಕೋಳಿ ಮೂತಿ, ಎರಡು ಹಿಡಿಕಿ.
ಮೊದಲನೇ ದಿನ ಅದು ಟೊಪ್ಪಿಗಿ ಆತು.
ಮರುದಿನ ಅದರಾಗ ತೊಗರಿ ತುಂಬಿ ಬ್ಯಾಳಿ ಕುದಿಸಿದ್ಲು.
ಆಮ್ಯಾಲೆ ಗೊಂಬಿನ ಕುಂದ್ರಿಸಿ
ನನ್ನ ದನೀಲೆ ಬೈದ್ಲು: "ಮಾಡ, ಮಾಡ, ಎಷ್ಟೊತ್ತು?"
ತಾನು ಮಾತ್ರ
ಕಪಾಟಿನ ಹಿಂದ ನಿಂತು, ಕಣ್ಣು ಅಗಲ ಮಾಡಿ,
ಯಾವದೋ ದೂರದೂರಿನ ಸುದ್ದಿ ಕೇಳಿದಂಗ
ಸುಮ್ಮನಾಗತಿದ್ಲು.
ಆ ಸುಮ್ಮನಾಗೋದು ನನಗ ತಿಳಿಯೋದ್ರಾಗ
ನೆಲ ಕಪ್ಪಾಗಿರತಿತ್ತು.

ನಮ್ಮ ಕಸಬಿನಾಗ ಒಂದು ಮಾತದ:
ಒಣ ಕಲ್ಲು ಸುಳ್ಳು ಹೇಳ್ತದ, ನೀರು ಹಾಕಿ ನೋಡು.
ನೀರು ಬಿದ್ರ ಬಣ್ಣ ಏಳ್ತದ,
ಕೂದಲೆಳಿಯಂಥ ಸೀಳು ಕಾಣ್ತದ.
ನಮ್ಮಪ್ಪ ಹಾಸಿದ ನೆಲ ಇದು.
ಇದರ ಮ್ಯಾಲೆ ಉಂಡೀನಿ, ಮಲಗೀನಿ, ಮದವಿ ಆಗೀನಿ,
ನೋಡಿದ್ದೇ ಇಲ್ಲ.
ನನ್ನ ಮಗಳು ಒಂದೊಂದು ಕಲ್ಲಿಗೂ ನೀರು ಹಾಕಿ ತೋರಿಸಿದ್ಲು:
ಬಾಗಲ ಹಂತೇಕಿನದು ನೀಲಿ,
ದೇವರ ಜಗಲಿ ಮುಂದಿನದು ಬೆಲ್ಲದ ಹಳದಿ,
ಒಲಿ ಕಡಿ ಕಲ್ಲಿಗಿ ಒಂದು ಸೀಳು, ಅಪ್ಪ ಮುಚ್ಚಿಟ್ಟಿದ್ದು.
ಹಳೀ ಪಂಜಾ ಒಗದು ಕುಂಟಗಾಲಿಲೆ ತಿಕ್ಕಿದೆ.
ಬ್ಯಾಸಗಿ. ಮಗ್ಗಲು ಹೊರಳೋದ್ರಾಗ ಆರತಿತ್ತು.

ಅವ್ವ ನಗತಿದ್ಲು.
"ಡಬ್ಬಿಗಿ ರೊಕ್ಕ ಕೊಟ್ಟೀರಿ!
ನಿನಗ ನನ್ನ ಎರಡು ಪಾದಾನೇ ಸಂಡಾಸ.
ಕಾಲು ಚಾಚಿ, ಪಾದದ ಮ್ಯಾಲೆ ಕುಂದ್ರಿಸಿ, ಶ್ಶ್ಶ್ ಅಂದ್ರ
ನಳಾ ಬಿಟ್ಟಂಗ ಬಿಡತಿದ್ದಿ."
ನನ್ನ ಒಂದು ಪಾದ ಪ್ಲಾಸ್ಟರಿನಾಗ.

"ಮತ್ತ ನಿನಗ ಯಾರು ಕಲಿಸಿದ್ರು ಯವ್ವಾ?"
ಕೇಳಬಾರದಿತ್ತು.
ಬದನಿಕಾಯಿ ಹೆಚ್ಚೋ ಕೈ ನಿಂತಿತು.
"ನಮಗ ಕಲಿಸಿದ್ದು ಹಿಡಕೊಳ್ಳೋದು.
ಹೊತ್ತು ಮುಳಗತನಾ ಹಿಡಕೋ.
ಖಣಿ ಕಡಿ ಗಂಡಸರು ತಿರುಗತನಾ ಹಿಡಕೋ.
ಲಾರಿ ಬೆಳಕು ಬಿದ್ರ ಏಳು, ನಿಂದ್ರು, ಮತ್ತ ಹಿಡಕೋ.
ನಿನ್ನ ಹಡಿಯೋ ದಿನಾನೂ
ಬ್ಯಾನಿ ಯಾವದು, ಅದು ಯಾವದು, ತಿಳೀಲಿಲ್ಲ.
ನೀರು ಕುಡಿಯೋದೇ ಬಿಟ್ಟಿದ್ದೆ."
ಅಂದಾಕಿ ಮತ್ತ ಹೆಚ್ಚಲಾಕ ಹತ್ತಿದ್ಲು,
ಸಣ್ಣಗ, ಬ್ಯಾಡಾದಷ್ಟು ಸಣ್ಣಗ.

ಅವತ್ತಿನಿಂದ ನಾ ಚಂದ್ರಲಾಗ
"ತಡಿ, ಹಿಡಕೋ" ಅನ್ನೋದು ಬಿಟ್ಟೆ.

ಹದಿನೇಳನೇ ದಿನ, ಕರೆಂಟು ಹೋದ ಮಧ್ಯಾಹ್ನ,
ಡಬ್ಬಿ ಗರಗರ ಎಳಕೊಂಡು ಬಂದು
ಆಯಿ ಎದುರಿಗೇ ಇಟ್ಟು ಕುಂತ್ಲು.
ಯಾರೂ ಮಾತಾಡಲಿಲ್ಲ.
ಫ್ಯಾನು ನಿಂತ ಮನಿಯಾಗ
ಚಾ ಸೋಸಿದಂಥ ಸಪ್ಪಳ.

ಎದ್ದು ಇಣಿಕಿ ನೋಡಿದ್ಲು. ನಂಬಲಿಲ್ಲ. ಮತ್ತ ಇಣಿಕಿದ್ಲು.
"ನಂದು!"
ಬಾಜೂಮನಿ ರಜಿಯಾಬಿ ಹಿಟ್ಟಿನ ಕೈಲೇ ಓಡಿ ಬಂದು
ವಾರೇ ವಾ ಅಂದ್ಲು.
ಚೆಲ್ಲಲಾಕ ನಾ ಡಬ್ಬಿ ಎತ್ತಿದ್ರ
ಕೂಸು ಹೊಯ್ಕೊಂಡು ಅಳಲಾಕ ಹತ್ತಿತು,
ಅಪ್ಪ ತನ್ನ ಮಾಲು ಕದ್ದಾನಂತ.
ಕಡೀಗಿ ಆಯಿನೇ ಕರಕೊಂಡು ಹೋಗಿ
ಟಾಟಾ ಮಾಡಿಸಿದ್ಲು.
ತಿರುಗಿ ಬಂದು ಗಡಗಿಯಿಂದ ಒಂದು ಗ್ಲಾಸು ನೀರು ತುಂಬಿಕೊಂಡು
ನಿಂತಲ್ಲೇ ಕುಡದ್ಲು. ಮತ್ತೊಂದು ತುಂಬಿಕೊಂಡ್ಲು.

ಮರುದಿನ ಮತ್ತ ಕಪಾಟಿನ ಹಿಂದ.
ಅಲ್ಲಿ ಕಲ್ಲು ಅಷ್ಟು ತಿಳಿ ಹಸರು ಅದ ಅಂತ
ನನಗ ಗೊತ್ತೇ ಇರಲಿಲ್ಲ.