ಫರಕ್ ಎಷ್ಟು

ಶೋರೂಮಿನ ಹುಡುಗ ಬಟನ್ ಒತ್ತಿದ.
ಏನೂ ಆಗಲಿಲ್ಲ.
‘ಚಾಲೂ ಆಗ್ಯಾದ್ರಿ ಮೇಡಂ,’ ಅಂದ.
ಕಿವಿಗೊಟ್ಟೆ. ಎ.ಸಿ.ಯ ತಣ್ಣನ ಉಸಿರು, ಅಷ್ಟೇ.
ಹೊರಗ ಸೇಡಂ ರೋಡು
ನಲ್ವತ್ಮೂರು ಡಿಗ್ರಿಯೊಳಗ ಡಾಂಬರು ಬೆವರ್ಲತ್ತಿತ್ತು.

ಇವರು, ಸೊಸೈಟಿ ಬ್ಯಾಂಕಿನ ಖಜಾಂಚಿ ವೈಜಿನಾಥ,
ಸೀಟು ಒತ್ತಲಿಲ್ಲ, ಸ್ಟೇರಿಂಗ್ ಮುಟ್ಟಲಿಲ್ಲ,
ಕೇಳಿದ್ದು ಒಂದೇ ಮಾತು:
‘ಪೆಟ್ರೋಲಿಗೂ ಇದಕ್ಕೂ ಫರಕ್ ಎಷ್ಟು?’
‘ಎರಡು ಲಕ್ಷ ಎಂಬತ್ತು ಸಾವಿರ ಸರ್.
ಆದ್ರ ಒಂದರೊಳಗ ಎರಡು ನೋಡ್ರಿ,’ ಬಾನೆಟ್ ಎತ್ತಿದ,
‘ಇದು ಪೆಟ್ರೋಲಿನ ಎಂಜಿನ್, ಇದು ಕರೆಂಟಿನ ಮೋಟರ್.
ಒಂದು ದಣಿದ್ರ ಇನ್ನೊಂದು ಎಳೀತದ.
ಬ್ರೇಕ್ ಹಾಕಿದ್ದೂ ವ್ಯರ್ಥ ಇಲ್ಲ, ಬ್ಯಾಟರಿಗಿ ಜಮಾ.
ಯಾವಾಗ ಯಾರು ಎಳೀಲತ್ತಾರ ಗೊತ್ತೇ ಆಗಂಗಿಲ್ಲ.
ಇಬ್ಬರೊಳಗ ಜಗಳಿಲ್ಲ.’

ಎಂಜಿನ್ನಿನ ಗಂಧ ಗಾಳಿ ಇಲ್ಲದ ಇವರು
ಬಾಗಿ ಭಾಳ ಹೊತ್ತು ಒಳಗ ನೋಡಿದರು.

ಹುಮನಾಬಾದ್ ಬೇಸಿನಾಗ ಇಲಿಯಾಸ್ ಉಸ್ತಾದ
ಕೈ ಒರಸಿಕೊಂಡು ಅಂದ:
‘ಪೆಟ್ರೋಲ್ ಗಾಡಿ ಕೆಮ್ಮಿದ್ರ ನನಗ ತಿಳೀತದ ಅಕ್ಕಾ,
ಯಾಕ ಕೆಮ್ಮಿತು ಅಂತ.
ಇದು ಮಾತಾಡ್ದೇ ಸಿಟ್ಟಾಗೋ ಜಾತಿ.
ನನ್ನ ಪಾನಾ ನಡೆಯಂಗಿಲ್ಲ, ಕಂಪ್ಯೂಟರ್ ಬೇಕು.’
ಅಂಥಾದ್ದನ್ನೇ ನಾ
ಇಪ್ಪತ್ತೆರಡು ವರ್ಷದಿಂದ ಸಂಭಾಳಿಸ್ಲತ್ತೀನಿ ಉಸ್ತಾದ,
ಅನ್ನಬೇಕಂದೆ. ಚಹಾ ಬಂತು.

ಆಸ್ಪತ್ರಿಯೊಳಗ ಅನಸೂಯಾ ಸಿಸ್ಟರ್ ಪ್ರಶ್ನೆ ಬ್ಯಾರೆ:
‘ಶಬ್ದ ಇಲ್ಲದ ಗಾಡಿಗಿ ಬ್ರಹ್ಮಪುರದ ಎಮ್ಮಿ ದಾರಿ ಬಿಡ್ತಾವೇನು?’

ರಾತ್ರಿ ಊಟ ಆದಮ್ಯಾಲ
ಹಳೇ ಕ್ಯಾಲೆಂಡರಿನ ಬೆನ್ನ ಮ್ಯಾಲ ಪೆನ್ಸಿಲ್ ಓಡಿತು.
ಲೀಟರಿಗಿ ನೂರಾ ಮೂರು.
ಅದು ಹದಿನೈದು ಕೊಡ್ತದ, ಇದು ಇಪ್ಪತ್ತಮೂರು.
ಕಿಲೋಮೀಟರಿಗಿ ಎರಡು ರೂಪಾಯಿ ಮೂವತ್ತೊಂಬತ್ತು ಪೈಸಾ ಉಳಿತು.
ಫರಕ್ ತೀರಬೇಕಂದ್ರ ಒಂದು ಲಕ್ಷ ಹದಿನೇಳು ಸಾವಿರ ಕಿಲೋಮೀಟರು.

‘ಅಷ್ಟು ದೂರ ನಮಗ ಎಲ್ಲದ?’

ಹುಡುಕಿದೆವು.
ನನ್ನ ಡ್ಯೂಟಿ, ಹೋಗಿ ಬಂದು ಎಂಟು.
ಮಗಳ ಹಾಸ್ಟೆಲ್, ತಿಂಗಳಿಗೊಮ್ಮೆ ಬೀದರ.
ವರ್ಷದಾಗ ನಾಕು ಸಲ ಚಿತ್ತಾಪುರ, ನಮ್ಮಕ್ಕನ ಮನಿ.
ಕೂಡಿದ್ರ ಐದೂವರೆ ಸಾವಿರ.
‘ಇಪ್ಪತ್ತೊಂದು ವರ್ಷ,’ ಅಂದರು.
ಆಗ ನನಗ ಅರವತ್ತೇಳು.
ಗಾಡಿ ಆಯುಷ್ಯನೇ ಹದಿನೈದು.
‘ಹಂಗಾದ್ರ ಪೆಟ್ರೋಲೇ,’ ಅಂದೆ, ಎದ್ದೆ, ಬಾಂಡೆ ತೊಳೆದೆ.

ನೀರು ತಂದಾಗ ಪೆನ್ಸಿಲ್ ಇನ್ನೂ ಕೈಯಾಗಿತ್ತು.
ಚಿತ್ತಾಪುರದ ಕೆಳಗ ಹೊಸ ಸಾಲು:
ಶಹಾಪುರ, ನೂರಾ ಅರವತ್ತು, ಗುಣಿಲೆ,
ಮುಂದ ಖಾಲಿ.

ಭೀಮಾ ದಾಟಿ, ಜೇವರ್ಗಿ ದಾಟಿ ಶಹಾಪುರ.
ಅಲ್ಲಿ ಚನ್ನವೀರ, ಇವರ ತಮ್ಮ.
ಹನ್ನೊಂದು ವರ್ಷದ ಹಿಂದ ಒಂದು ಟ್ರಾಕ್ಸ್ ಇತ್ತು,
ಇಬ್ಬರ ಹೆಸರಿಲೆ.
ಅಂವ ಓಡಸ್ತಿದ್ದ, ಇವರು ಲೆಕ್ಕ ಬರೀತಿದ್ದರು.
ಒಂದು ಸಂಜಿ ಡೀಸೆಲ್ ಖರ್ಚಿನಾಗ
ಮುನ್ನೂರ ನಲವತ್ತು ರೂಪಾಯಿ ತಾಳೆ ಆಗಲಿಲ್ಲ.
ಚಾವಿ ಟೇಬಲ್ ಮ್ಯಾಲ ಇಟ್ಟು ಹೋದಂವ
ಮತ್ತ ಬಂದಿಲ್ಲ.
ಟ್ರಾಕ್ಸ್ ಮಾರಿದ ರೊಕ್ಕದ ಅರ್ಧ
ಅಂವನ ಹೆಸರಿಲೆ ಬ್ಯಾಂಕಿನಾಗ ಈಗೂ ಬಡ್ಡಿ ತಿನ್ಲತ್ತದ.

ಖಾಲಿ ಜಾಗದಾಗ ಒಂದು ಬರೆದರು. ಅಳಿಸಿದರು.
ನಾಕು. ಅಳಿಸಿದರು.
ಹನ್ನೆರಡು.
ಕೂಡಿಸಿ ಭಾಗಿಸಿದರೂ ಹದಿನಾರು ವರ್ಷದ ಹತ್ರನೇ ಬಂತು.
ಅಂದ್ರ ಲುಕ್ಸಾನೇ.
ರಬ್ಬರ್ ಜಾಡಿಸಿ,
ಅದರ ಕೆಳಗ ಎರಡು ಗೆರೆ ಎಳೆದು,
ದೀಪ ಆರಿಸಿದರು.

ಬೆಳಿಗ್ಗಿ ಶೋರೂಮಿನ ಹುಡುಗನ ಫೋನ್.
‘ಡಿಸೈಡ್ ಆಯ್ತಾ ಮೇಡಂ? ಯಾವುದು?’
ಇವರ ಮಾರಿ ನೋಡಿದೆ.
ಇವರು ಬುಶ್‌ಶರ್ಟಿನ ಗುಂಡಿ ಹಾಕ್ಕೋತ,
ತಲಿ ಎತ್ತದೇ:
‘ಬಿಳಿ ಬಣ್ಣ ಬ್ಯಾಡನ್ನು.
ಜೇವರ್ಗಿ ರೋಡಿನಾಗ ಕರಿಮಣ್ಣು ಏಳ್ತದ.’